ಬಾಲದ ಕೆಳಗಿನ ಬಣ್ಣ

ನನಗೊಂದು ಕೆಟ್ಟ ಚಾಳಿಯಿದೆ. ಅಳಿಲು ಕಂಡರೆ ಸಾಕು, ನನ್ನ ಕಣ್ಣು ಅದರ ಮುದ್ದು ಮುಖಕ್ಕೋ ಬೆನ್ನಿನ ಗೆರೆಗೋ ಹೋಗುವುದಿಲ್ಲ. ಸೀದಾ ಬಾಲದ ಕೆಳಭಾಗಕ್ಕೆ ಹೋಗುತ್ತದೆ. ಮರ ಹತ್ತುವಾಗ ಅದು ಬಾಲ ಎತ್ತುವ ಒಂದು ಗಳಿಗೆಯಿರುತ್ತದಲ್ಲ, ಅದನ್ನು ತಪ್ಪಿಸಿಕೊಳ್ಳಬಾರದೆಂದು ಕತ್ತು ಓರೆ ಮಾಡಿ, ಮೊಣಕಾಲು ಬಗ್ಗಿಸಿ, ನಿಂತಲ್ಲೇ ಕುಗ್ಗಿಬಿಡುತ್ತೇನೆ. ಹೋದ ತಿಂಗಳು ತಂಗಿಯ ಮಗಳ ಮದುವೆಯಲ್ಲೂ ಹೀಗೇ ಆಯಿತು. ಎಲ್ಲರೂ ಅಕ್ಷತೆ ಹಾಕಲು ಮಂಟಪದ ಕಡೆ ತಿರುಗಿದ್ದರೆ, ನಾನೊಬ್ಬಳು ಛತ್ರದ ಕಿಟಕಿಯಾಚೆಯ ಹೊಂಗೆಮರದ ಕಡೆ ತಿರುಗಿ, ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡೇ ಬಗ್ಗಿ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಏನಮ್ಮ, ಸೊಂಟ ಹಿಡಕೊಂಡಿತಾ?" ಎಂದು ಕನಿಕರದಿಂದ ಕೇಳಿದರು. ಹೌದೆಂದುಬಿಟ್ಟೆ. ಅಳಿಲಿನ ಬಾಲದಡಿ ನೋಡುತ್ತಿದ್ದೆ ಎನ್ನುವುದಕ್ಕಿಂತ ಸೊಂಟನೋವು ಎಷ್ಟೋ ಮರ್ಯಾದೆಯ ಉತ್ತರ.

ಈ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು; ನಾನಾಗ ಶಿಕಾರಿಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಪಾಠ ಮಾಡುತ್ತಿದ್ದೆ ಎನ್ನುವುದೂ ಸ್ವಲ್ಪ ದೊಡ್ಡ ಮಾತಾಯಿತು. ನೋಟ್ಸ್ ಹೇಳಿ ಬರೆಸುತ್ತಿದ್ದೆ. ಹನ್ನೊಂದು ವರ್ಷದ ಹಳೆಯ ನೋಟ್ಸು; ಮಡಚಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಜೀವಿಗಳ ವರ್ಗೀಕರಣದ ಪಾಠ ಬಂದರೆ ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಮಗ್ಗಿಯಂತೆ ಒಪ್ಪಿಸುತ್ತಿದ್ದೆ. ಕಿಟಕಿಯಾಚೆ ಅಳಿಲುಗಳು ಕಿಚಕಿಚ ಎಂದು ರಂಪ ಮಾಡಿದರೆ, ಪ್ರಾಣಿಶಾಸ್ತ್ರದ ಪಾಠಕ್ಕೆ ತೊಂದರೆಯಾಗುತ್ತಿದೆಯೆಂದು ಅಟೆಂಡರನ್ನು ಕರೆದು ಆ ಪ್ರಾಣಿಗಳನ್ನು ಓಡಿಸುತ್ತಿದ್ದೆ.

ಇಂಥ ನನ್ನ ಮುಂದೆ, ದೀಪಾವಳಿ ರಜೆ ಮುಗಿದ ವಾರ, ನಳಿನಿ ಬಂದು ನಿಂತಳು. ಇಪ್ಪತ್ತಾರರ ಹುಡುಗಿ, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುವವಳು. ಒಂದು ಹೆಗಲಿಗೆ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ತಂತಿಯ ಬೋನುಗಳು. ನನಗೆ ಹಿಂದೆ ಪಾಠ ಹೇಳಿದ ಮೇಷ್ಟರ ಕಾಗದವನ್ನೂ ಅರಣ್ಯ ಇಲಾಖೆಯ ಪರವಾನಗಿಯನ್ನೂ ಮೇಜಿನ ಮೇಲಿಟ್ಟು, ನೀರು ಕುಡಿದು, ಕೇಳಿದ ಮೊದಲ ಪ್ರಶ್ನೆ ಇದು:

"ಮೇಡಂ, ನಿಮ್ಮ ಕಾಲೇಜಿನ ಅಳಿಲುಗಳ ಬಾಲದ ಕೆಳಗೆ ಯಾವ ಬಣ್ಣ?"

ನಾನು ಗೋಡೆ ನೋಡಿದೆ. ಗೋಡೆಯ ಮೇಲೆ ಕಪ್ಪೆಯ ಜೀರ್ಣಾಂಗಗಳ ಚಾರ್ಟಿತ್ತು. ಅದರಿಂದ ಸಹಾಯವಾಗಲಿಲ್ಲ.

"ಬೂದು... ಇರಬೇಕು," ಎಂದೆ.

"ಇರಬೇಕಾ?" ಎಂದಳು. ಕೊಂಕು ಮಾತಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು. ಹಾಗಾಗಿಯೇ ನನಗೆ ಹೆಚ್ಚು ನಾಚಿಕೆಯಾಯಿತು. ಹನ್ನೊಂದು ವರ್ಷ ಕಿಟಕಿಯ ಪಕ್ಕದಲ್ಲೇ ಕೂತಿದ್ದೆ. ಒಂದು ಸಲವೂ ನೋಡಿರಲಿಲ್ಲ.

ಅವಳು ಬಂದ ಕಾರಣ ಕೇಳಿ ಮೊದಲು ನಗು ಬಂತು. ಸೊರಬದ ಅಳಿಲು, ಶಿಕಾರಿಪುರದ ಅಳಿಲು ಎರಡೂ ಒಂದೇ ಅಲ್ಲವಂತೆ. "ಅಲ್ಲ ಅಂತ ಪುಸ್ತಕ ಹೇಳುತ್ತೆ ಮೇಡಂ. ನಿಜಕ್ಕೂ ಅಲ್ಲವಾ ಅಂತ ನೋಡೋಕೆ ಬಂದಿದ್ದೀನಿ," ಎಂದಳು. ನಮ್ಮ ಕಡೆಯದು ಬಯಲಿನ ಅಳಿಲು. ಹೊಲ, ಊರು, ಮನೆಮಾಡು ಎಲ್ಲ ಕಡೆ ಇರುವಂಥದು. ಸೊರಬದಲ್ಲಿ ಊರುಗಳ ನಡುನಡುವೆ ಕಾನುಗಳಿವೆಯಲ್ಲ, ಬೇಸಗೆಯಲ್ಲೂ ಹಸಿರಾಗಿ ತಣ್ಣಗಿರುವ ದಟ್ಟ ಕಾಡಿನ ತುಂಡುಗಳು, ಅಲ್ಲಿರುವುದು ಬೇರೆ. ಎರಡಕ್ಕೂ ಬೆನ್ನ ಮೇಲೆ ಮೂರೇ ಗೆರೆ. ಎರಡರ ಸೀಮೆಯೂ ಕೂಡುವ ಜಾಗ ಶಿರಾಳಕೊಪ್ಪದ ಆಚೀಚೆ ಎಲ್ಲೋ ಇರಬೇಕು. ನಾನು ತಿಂಗಳಿಗೆರಡು ಸಲ ಬಸ್ಸಿನಲ್ಲಿ ತೂಕಡಿಸುತ್ತ ಆ ಗಡಿ ದಾಟುತ್ತಿದ್ದೆ.

ನಮ್ಮ ಶಿಕಾರಿಪುರದ ಹಳಬರು ಅದನ್ನು ಇಣಚಿ ಎನ್ನುತ್ತಾರೆ, ಸೊರಬದಲ್ಲಿ ಅಳಿಲು. ಜನ ಆಗಲೇ ಎರಡು ಮಾಡಿಯಾಗಿತ್ತು ಎಂದು ನಾನು ತಮಾಷೆ ಮಾಡಿದೆ. ನಳಿನಿ ನಗದೆ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಆ ಸಂಜೆ ಚಹಾ ಕುಡಿಯುತ್ತ ಅವಳು ಹೇಳಿದ ಸಂಗತಿಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಮಾಡಿನ ಮೇಲಿನ ಅಳಿಲಿಗೆ ಏಷ್ಯಾದ ಉದ್ದಕ್ಕೂ ಬಳಗವಿದೆಯಂತೆ. ಬೆಕ್ಕಿಗಿಂತ ದೊಡ್ಡವು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು, ಕೈಕಾಲಿನ ನಡುವಿನ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುವವು. ಬರ್ಮಾದ ಆಚೆ ಒಂದು ಬಗೆಯಿದೆ, ಅದರ ಬಣ್ಣ ನದಿಯ ಈ ದಡದಲ್ಲಿ ಕೆಂಪು, ಆ ದಡದಲ್ಲಿ ಬಿಳಿ, ಇನ್ನೊಂದು ದ್ವೀಪಕ್ಕೆ ಹೋದರೆ ಕಪ್ಪು. ಹಿಂದಿನ ಕಾಲದ ಬಿಳಿಯ ದೊರೆಗಳು ಚರ್ಮ ಸುಲಿದು ಪೆಟ್ಟಿಗೆಯಲ್ಲಿಟ್ಟು, ಬಣ್ಣಕ್ಕೊಂದು ಹೆಸರು ಕೊಟ್ಟು, ಬೇರೆ ಬೇರೆ ಪ್ರಾಣಿಯೆಂದು ಬರೆದಿಟ್ಟರು. ಇನ್ನೊಂದು ಪ್ರಾಣಿಯುಂಟು, ನೋಡಿದರೆ ಅಳಿಲೇ. ಅದೇ ಬಾಲ, ಅದೇ ಓಟ. ಆದರೆ ಅದು ಅಳಿಲಿನ ಕುಲವೇ ಅಲ್ಲ. "ಕಣ್ಣು ನೋಡಿದ್ದು ಅರ್ಧ ಸತ್ಯ ಮೇಡಂ. ಮೈ ಅಳೆದು ನೋಡಬೇಕು, ಆಮೇಲೆ ರಕ್ತಸಂಬಂಧವನ್ನೂ ಓದಬೇಕು. ಎರಡೂ ಒಂದೇ ಮಾತು ಹೇಳಿದರೆ ನೆಮ್ಮದಿ."

"ಬೇರೆ ಬೇರೆ ಹೇಳಿದರೆ?"

"ಆಗ ಮಜಾ," ಎಂದಳು. ಆ ಮಜಾ ಮುಂದೆ ನನ್ನ ತಲೆಗೇ ಸುತ್ತಿಕೊಳ್ಳುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆ ಚಳಿಗಾಲದ ಭಾನುವಾರಗಳೆಲ್ಲ ನಳಿನಿಯ ಹಿಂದೆ ಸೊರಬದ ಕಡೆ ಅಲೆಯುವುದರಲ್ಲೇ ಕಳೆದವು. ಚಂದ್ರಗುತ್ತಿಯ ಆಸುಪಾಸಿನ ಕಾನೊಂದರ ಅಂಚಿನಲ್ಲಿ ತಿಮ್ಮಪ್ಪನವರೆಂಬ ರೈತರು ನಮಗೆ ಆಸರೆಯಾದರು. ಎರಡು ಎಕರೆ ಗದ್ದೆ, ಕಾನಿನಲ್ಲಿ ಉಪ್ಪಾಗೆಯ ಹುಳಿಹಣ್ಣು ಆರಿಸುವುದು, ಇಷ್ಟು ಅವರ ಬದುಕು. ಬೋನಿನಲ್ಲಿ ಬಿದ್ದ ಮೊದಲ ಅಳಿಲನ್ನು ಅವರು ಹತ್ತು ಮಾರು ದೂರದಿಂದಲೇ ನೋಡಿ ತೀರ್ಪು ಕೊಟ್ಟರು.

"ಕಾನಳಿಲು ಕಣ್ರೀ ಇದು. ನಿಮ್ಮ ಪ್ಯಾಟೆ ಅಳಿಲಿನ ಗೆರೆ ಮಂಚದ ಪಟ್ಟಿ ಹಂಗೆ ಅಗಲ. ಇದರದ್ದು ನೂಲು. ನೆತ್ತಿ ನೋಡಿ, ಕುಂಕುಮದ ಕೈ ಒರೆಸಿದಂಗೈತೆ."

"ಇಷ್ಟು ದೂರದಿಂದ ಹೇಗೆ ಗೊತ್ತಾಯ್ತು?" ಎಂದೆ.

"ಗೊತ್ತಾಗದೇ ಎಂತ ಮಾರಾಯ್ರೆ? ಕೂಗಿದ್ರೇ ಸಾಕು."

ನಳಿನಿ ಅವರು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ನೋಟ್ಸ್ ಹೇಳಿ ಬರೆಸುವುದರಲ್ಲಿ ಪಳಗಿದ ನನಗೆ ಅದು ಹೊಸ ನೋಟ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಒಬ್ಬರು ಹೇಳುತ್ತಿದ್ದರು, ಡಾಕ್ಟರೇಟಿಗೆ ಓದುವವಳು ಬರೆಯುತ್ತಿದ್ದಳು.

ಆಮೇಲೆ ಅಳತೆ. ಅಳಿಲನ್ನು ಬೋನಿನಿಂದ ಬಟ್ಟೆಯ ಚೀಲಕ್ಕೆ ಇಳಿಸಿ, ಬಟ್ಟೆಯ ಮೇಲಿಂದಲೇ ತಲೆಯನ್ನು ಎರಡು ಬೆರಳಿನಲ್ಲಿ ಮೆತ್ತಗೆ ಹಿಡಿದು, ನಳಿನಿ ವರ್ನಿಯರ್ ಮಾಪಕದಿಂದ ಹಿಂಗಾಲು, ಕಿವಿ, ಬಾಲ ಒಂದೊಂದಾಗಿ ಅಳೆದು ಹೇಳುವಳು. ನಾನು ಕಾರ್ಡಿನಲ್ಲಿ ಬರೆಯಬೇಕು. ಕೊನೆಗೆ ಬಾಲದ ಬುಡದಿಂದ ಏಳೆಂಟು ಕೂದಲು ಕಿತ್ತು ಕಾಗದದ ಲಕೋಟೆಗೆ ಹಾಕಿ, ಅಳಿಲನ್ನು ಬಿಟ್ಟುಬಿಡುವುದು. ಕೂದಲ ಬುಡದ ಆ ಬಿಳಿಯ ಚುಕ್ಕೆಯಲ್ಲೇ ಅದರ ವಂಶದ ಕಥೆಯೆಲ್ಲ ಇದೆಯೆಂದಳು.

ಮೂರನೆಯ ವಾರ ಅಳಿಲನ್ನು ನನ್ನ ಕೈಗೆ ಕೊಟ್ಟಳು. ಬಟ್ಟೆಯೊಳಗೆ ಆ ಎದೆ ಬಡಿಯುತ್ತಿದ್ದುದು ನನ್ನ ಅಂಗೈಗೆ ತಾಗಿತು. ಬಡಿತ ಎನ್ನುವಂತಿರಲಿಲ್ಲ, ಒಂದೇ ಸಮನೆ ಝೇಂಕಾರ. ಚಿಕ್ಕಂದಿನಲ್ಲಿ ನಾನೂ ಅಣ್ಣನೂ ಮಾಡಿನಿಂದ ಬಿದ್ದ ಅಳಿಲುಮರಿಯನ್ನು ಅಪ್ಪನ ಹಳೆಯ ಟೋಪಿಯಲ್ಲಿಟ್ಟು, ಹತ್ತಿಯ ಬತ್ತಿಯಿಂದ ಹಾಲು ಕುಡಿಸಿದ್ದೆವು. ಬತ್ತಿ ದೀಪದ್ದು, ಎಣ್ಣೆಯ ವಾಸನೆ. ಅದಕ್ಕೇ ಕುಡಿಯುತ್ತಿಲ್ಲವೆಂದು ಅಣ್ಣ, ನಾನೇ ಹೆಚ್ಚು ಮುಟ್ಟಿದ್ದರಿಂದ ಎಂದು ಅಮ್ಮ. ಮೂರನೆಯ ದಿನ ಅದು ಟೋಪಿಯಲ್ಲೇ ತಣ್ಣಗಾಗಿತ್ತು. ಆ ದಿನವೂ ಇದೇ ಝೇಂಕಾರ ಬೆರಳಿಗೆ ತಾಗಿ, ನಿಂತುಹೋದದ್ದು. ಮೂವತ್ತು ವರ್ಷ ಮರೆತಿದ್ದ ಬೆರಳಿಗೆ ಎಲ್ಲ ನೆನಪಿತ್ತು. ನಳಿನಿ ಬಾಲವನ್ನು ನಿಧಾನವಾಗಿ ಹೊರಳಿಸಿದಳು. ನಡುವೆ ಉದ್ದಕ್ಕೂ ತುಕ್ಕು ಹಿಡಿದ ಕಬ್ಬಿಣದಂಥ ಕೆಂಪು ಗೆರೆ. ನಮ್ಮ ಕಾಲೇಜಿನ ಅಳಿಲಿಗೆ ಅಲ್ಲಿ ಮಾಸಲು ಬಣ್ಣವಷ್ಟೇ. ಅಂಗೈಯಗಲದ ಪ್ರಾಣಿಯ ಅಡಿಯಲ್ಲಿ ಒಂದಿಡೀ ಕಾಡಿನ ಗುರುತಿತ್ತು. ನನ್ನ ಚಾಳಿ ಶುರುವಾದದ್ದು ಆ ನಿಮಿಷದಲ್ಲಿ.

ಮಾಘಮಾಸದ ಹೊತ್ತಿಗೆ ನಳಿನಿ ಲ್ಯಾಬಿನ ಕೆಲಸಕ್ಕೆ ಬೆಂಗಳೂರಿಗೆ ಹೋದಳು. ಶಿಕಾರಿಪುರದ ಅಳಿಲುಗಳು ಇನ್ನೂ ಕೆಲವು ಬೇಕಾಗಿದ್ದವು. ಎರಡು ಬೋನು, ಮಾಪಕ, ಖಾಲಿ ಕಾರ್ಡುಗಳನ್ನು ನನಗೆ ಒಪ್ಪಿಸಿ, "ನೀವಿದ್ದೀರಲ್ಲ ಮೇಡಂ," ಎಂದು ಧೈರ್ಯವಾಗಿ ಬಸ್ಸು ಹತ್ತಿದಳು. ಸ್ಟಾಫ್ ರೂಮಿನಲ್ಲಿ ಕೇಳಿದ್ದರೆ ಯಾರೂ ಅಷ್ಟು ಧೈರ್ಯ ಮಾಡುತ್ತಿರಲಿಲ್ಲ. ನಾನು ತಲೆಯ ಮೇಲಿನ ಕನ್ನಡಕವನ್ನು ಇಡೀ ಕಾಲೇಜಿನಲ್ಲಿ ಹುಡುಕಿಸಿದವಳು. ಊಟದ ಡಬ್ಬಿಯಲ್ಲಿ ಸೀಮೆಸುಣ್ಣ ಹಾಕಿಕೊಂಡು ಹೋದವಳು.

ನಾನು ಬಾಡಿಗೆಗಿದ್ದದ್ದು ಪಾರ್ವತಮ್ಮನವರ ಮನೆಯ ಹಿಂಭಾಗದಲ್ಲಿ. ಅವರ ಯಜಮಾನರದು ಮುಂದುಗಡೆ ಕಾಳುಕಡಿಯ ಅಂಗಡಿ. ಹಿತ್ತಲಲ್ಲಿ ದೊಡ್ಡದೊಂದು ಪೇರಲ ಮರ, ಅದರ ತುಂಬ ಅಳಿಲು. ಒಂದು ಬೆಳಿಗ್ಗೆ ಅಲ್ಲಿಟ್ಟ ಬೋನಿಗೆ ಒಂದು ಬಿತ್ತು. ತುದಿ ಕತ್ತರಿಸಿಹೋದ ಮೋಟುಬಾಲದ್ದು. ಗೆರೆ ಅಗಲ, ಬಾಲದಡಿ ಮಾಸಲು, ಎಲ್ಲ ವಿಧದಲ್ಲೂ ಅಪ್ಪಟ ಶಿಕಾರಿಪುರ. ಕಾಲೇಜಿಗೆ ಹೊತ್ತಾಗುತ್ತಿತ್ತು. ಅಳತೆ ಬರೆದು, ಕೂದಲು ಕಿತ್ತು, ಲಕೋಟೆಯ ಮೇಲೆ 'ಶಿ-೧೪' ಎಂದು ಬರೆದು, ತಿಮ್ಮಪ್ಪನವರ ಕಾನಿನಿಂದ ಬಂದು ಅದೇ ಮೇಜಿನ ಮೇಲಿದ್ದ ಐದು ಲಕೋಟೆಗಳ ಜೊತೆ ಸೇರಿಸಿ ಅಂಚೆಗೆ ಹಾಕಿದೆ.

ಒಂದು ತಿಂಗಳ ಮೇಲೆ ಕಾಲೇಜಿನ ಆಫೀಸಿಗೆ ಫೋನು ಬಂತು.

"ಮೇಡಂ, ಶಿ-ಹದಿನಾಲ್ಕು ನೀವೇ ಹಿಡಿದದ್ದಾ?" ನಳಿನಿಯ ದನಿ ಸಣ್ಣಗಾಗಿತ್ತು.

"ನಾನೇ. ನಮ್ಮ ಹಿತ್ತಲಲ್ಲೇ. ಯಾಕೆ?"

"ಅಳತೆ ಎಲ್ಲ ಶಿಕಾರಿಪುರದ್ದು. ಒಳಗೆ ಮಾತ್ರ ಸೊರಬದ್ದು ಬರ್ತಿದೆ. ನಮ್ಮ ಸರ್ ಹೇಳ್ತಿದ್ದಾರೆ, ಕಾನಿನ ಕೂದಲು ಆ ಲಕೋಟೆಗೆ ಸೇರಿಬಿಟ್ಟಿದೆ ಅಂತ."

ಫೋನಿಟ್ಟು ಆ ಬೆಳಗನ್ನು ಮತ್ತೆ ನೆನೆಸಿಕೊಂಡೆ. ಒಂದೇ ಮೇಜು, ಆರು ಲಕೋಟೆ, ಬೆಳಗಿನ ಗಡಿಬಿಡಿ, ಮೇಲಾಗಿ ನಾನು! ನನ್ನ ಪರವಾಗಿ ಸಾಕ್ಷಿ ಹೇಳಲು ನನಗೇ ಧೈರ್ಯವಿರಲಿಲ್ಲ. ಶನಿವಾರ ರಜೆ ಹಾಕಿ ಬೆಂಗಳೂರಿಗೆ ಹೋದೆ.

ನಳಿನಿಯ ಪ್ರೊಫೆಸರು ಬೆಳ್ಳಿಗೂದಲಿನ ಮೃದು ಮಾತಿನವರು. ಮೊದಲು ಕತ್ತಲ ಕೋಣೆಯೊಂದಕ್ಕೆ ಕರೆದುಕೊಂಡು ಹೋದರು. ನಡುಮಧ್ಯಾಹ್ನದಲ್ಲೂ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಮುಖಕ್ಕೊಂದು ಪ್ಲಾಸ್ಟಿಕ್ ಗುರಾಣಿ ಹಾಕಿಸಿ ನೇರಳೆ ದೀಪ ಹೊತ್ತಿಸಿದರು. ಗಂಜಿ ಕಟ್ಟಿದಂಥ ಒಂದು ತೆಳು ಬಿಲ್ಲೆಯೊಳಗೆ ಕಿತ್ತಳೆ ಬಣ್ಣದ ಗೆರೆಗಳು ಧಗ್ಗನೆ ಬೆಳಗಿದವು.

ಪ್ರೊಫೆಸರು ವಿವರಿಸಿದ್ದು ನನಗೆ ಅರ್ಥವಾದದ್ದು ಹೀಗೆ. ಜೀವಕೋಶದೊಳಗೆ ವಂಶವಾಹಿಯ ಬರಹವಿದೆ. ಅದಕ್ಕೆ ಇವರು ಹಾಕುವುದು ಒಂದು ಬಗೆಯ ಕತ್ತರಿ. ಆ ಕತ್ತರಿಗೆ ಓದಲು ಬರುವುದು ಒಂದೇ ಒಂದು ಪದ. ಆ ಪದ ಸಿಕ್ಕಲ್ಲಿ ಕತ್ತರಿಸುತ್ತದೆ, ಸಿಗದಿದ್ದರೆ ಸುಮ್ಮನಿರುತ್ತದೆ. ಕಾನಿನ ಅಳಿಲಿನಲ್ಲಿ ಆ ಪದವಿದೆ, ಹಾಗಾಗಿ ಎರಡು ಗೆರೆ. ಬಯಲಿನದರಲ್ಲಿ ಇಲ್ಲ, ಹಾಗಾಗಿ ಒಂದೇ ಗೆರೆ.

ನನ್ನ ಅಂಗೈಯಲ್ಲಿ ಝೇಂಕರಿಸಿದ ಆ ಜೀವಗಳೆಲ್ಲ ಅಲ್ಲಿ ಸಾಲಾಗಿ ಬೆಳಗುತ್ತಿದ್ದವು. ತಿಮ್ಮಪ್ಪನವರು ಹತ್ತು ಮಾರು ದೂರದಿಂದ ಹೇಳಿದ್ದೇ ಇಲ್ಲಿ ಬೆಂಕಿಯಲ್ಲಿ ಬರೆದಂತೆ ಕಾಣುತ್ತಿತ್ತು. ಯಾವ ಗೆರೆ ನನ್ನದೆಂದು ಯಾರೂ ತೋರಿಸಬೇಕಿರಲಿಲ್ಲ. ಒಂಟಿಗೆರೆಯ ಶಿಕಾರಿಪುರದ ಸಾಲಿನಲ್ಲಿ, ತಪ್ಪು ಪಂಕ್ತಿಯಲ್ಲಿ ಊಟಕ್ಕೆ ಕೂತವರಂತೆ, ಒಂದೇ ಒಂದು ಜೋಡಿಗೆರೆ.

"ತಪ್ಪು ಎಲ್ಲರ ಕೈಯಲ್ಲೂ ಆಗುತ್ತೆ ಮೇಡಂ," ಎಂದರು ಪ್ರೊಫೆಸರು ಹೊರಗೆ ಬಂದ ಮೇಲೆ. "ಆದರೆ ಒಂದು ಲಕೋಟೆ ಅನುಮಾನಕ್ಕೆ ಬಂದರೆ ಆ ಕಂತಿನ ಆರನ್ನೂ ಬಿಡಬೇಕಾಗುತ್ತೆ. ಆರು ಹೋದರೆ ಈ ಅಧ್ಯಾಯ ನಿಲ್ಲೋದಿಲ್ಲ."

ನಳಿನಿ ನೆಲ ನೋಡುತ್ತಿದ್ದಳು. ಅವಳ ಫೆಲೋಶಿಪ್ಪಿನ ಅವಧಿ ಆ ಬೇಸಗೆಗೆ ಮುಗಿಯುವುದರಲ್ಲಿತ್ತು. ಇನ್ನೊಂದು ಚಳಿಗಾಲ ಅವಳಿಗಿರಲಿಲ್ಲ.

"ನಾನು ತಪ್ಪು ಮಾಡಿಲ್ಲ ಸರ್," ಎಂದೆ. ಗಟ್ಟಿಯಾಗಿಯೇ ಅಂದೆ. ಒಳಗೆ ಮಾತ್ರ, ಊಟದ ಡಬ್ಬಿಯಲ್ಲಿದ್ದ ಸೀಮೆಸುಣ್ಣ ಕಣ್ಣಮುಂದೆ ಬರುತ್ತಿತ್ತು.

ಅವರು ನನ್ನ ಕಾರ್ಡನ್ನು ತರಿಸಿ ಮತ್ತೊಮ್ಮೆ ಓದಿದರು. ಓದುತ್ತ ನಿಂತರು. "ಬಾಲ ಮೋಟು, ತುದಿ ಇಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಅದನ್ನು ನೋಡಿದರೆ ಗುರುತು ಸಿಗುತ್ತೆ. ಅದನ್ನೇ ಮತ್ತೆ ಹಿಡಿಯಿರಿ. ಈ ಸಲ ನಳಿನಿ ಜೊತೆಗಿರಲಿ."

ಬಸ್‌ಸ್ಟ್ಯಾಂಡಿಗೆ ಬರುವಾಗ ನಳಿನಿ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. "ನಾನು ನಿಮ್ಮನ್ನ ನಂಬ್ತೀನಿ ಮೇಡಂ. ಆದರೆ ನನ್ನ ನಂಬಿಕೇನ ಥೀಸಿಸ್‌ನಲ್ಲಿ ಬರೆಯೋಕಾಗಲ್ಲ."

ಹಿತ್ತಲಲ್ಲಿ ಮತ್ತೆ ಬೋನಿಟ್ಟೆವು. ಒಂದು ದಿನ, ಎರಡು ದಿನ, ನಾಲ್ಕು ದಿನ. ಮೋಟುಬಾಲ ಎದುರಿನ ಕೊಂಬೆಯ ಮೇಲೆ ಕೂತು ನಮ್ಮನ್ನು ನೋಡಿಕೊಂಡೇ ಪೇರಲಕಾಯಿ ಕಡಿಯುತ್ತಿತ್ತು. ಕೆಳಗೆ ಮಾತ್ರ ಇಳಿಯಲಿಲ್ಲ. ಪಾರ್ವತಮ್ಮ ಹಪ್ಪಳ ಒಣಗಿಸುತ್ತ ನಮ್ಮ ಅವಸ್ಥೆ ನೋಡಿದರು. ಐವತ್ತೈದರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಐದನೆಯ ಬೆಳಿಗ್ಗೆ ತಡೆಯಲಾರದೆ ಬಂದರು.

"ಏನ್ರೀ ಮೇಡಂ, ಇಬ್ರು ಇಷ್ಟು ಓದ್ಕಂಡು ಒಂದು ಇಣಚಿ ಹಿಡಿಯಾಕ ಆಗವಲ್ದಾ? ಹಸಿ ಶೇಂಗಾ ಮೂಸಾಂಗಿಲ್ಲ ಅದು. ಹುರಿದಿದ್ದು ಇಡ್ರಿ. ಇಟ್ಟು ಒಳಗ ಹೋಗ್ರಿ, ಹಿಂಗ ಕಾವಲು ಕುಂತ್ರ ಯಾರು ಬರ್ತಾರ?"

ಒಳಗೆ ಹೋಗಿ ಹುರಿದ ಶೇಂಗಾ ತಂದು ಅವರೇ ಇಟ್ಟರು. ಅರ್ಧ ಗಂಟೆಗೆ ಬೋನಿನ ಬಾಗಿಲು ಬಿತ್ತು. ಮೋಟುಬಾಲ! ಮಧ್ಯಾಹ್ನದೊಳಗೆ ಅದೇ ಮರದಿಂದ ಇನ್ನೆರಡು. ನಳಿನಿ ತಾನೇ ಅಳೆದು, ತಾನೇ ಕೂದಲು ಕಿತ್ತು, ತಾನೇ ಅಂಟುಹಾಕಿ ಮುಚ್ಚಿದಳು. ನಾನು ಕೈಕಟ್ಟಿ ದೂರ ನಿಂತಿದ್ದೆ, ಲಕೋಟೆಯ ಮೇಲೆ ನನ್ನ ಉಸಿರೂ ತಾಗಬಾರದೆಂಬಂತೆ.

ಮೂರು ವಾರ ನನಗೆ ಸರಿಯಾಗಿ ಅನ್ನ ಸೇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಳಿನಿ ತಾನೇ ಬಂದಳು. ಹಿತ್ತಲ ಬಾಗಿಲಿನಿಂದಲೇ ಕೂಗಿದಳು: "ಮೇಡಂ, ನೀವು ಸರಿ!"

ಮೋಟುಬಾಲಕ್ಕೆ ಮತ್ತೆ ಜೋಡಿಗೆರೆ ಬಂದಿತ್ತು. ಅದರ ಜೊತೆ ಹಿಡಿದ ಎರಡರಲ್ಲಿ ಒಂದಕ್ಕೂ ಜೋಡಿಗೆರೆ. ಪ್ರೊಫೆಸರು ನಾಲ್ಕು ಸಾಲಿನ ಕಾಗದ ಕೊಟ್ಟಿದ್ದರು: 'ನಿಮ್ಮ ಕೈಕೆಲಸದ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮೆಯಿರಲಿ. ಈಗ ನನ್ನ ಅನುಮಾನವೆಲ್ಲ ಅಳಿಲಿನ ಮೇಲೆ. ಅದು ಅಲ್ಲಿಗೆ ಬಂದದ್ದು ಹೇಗೆ?'

ನಾನು ಕಾಗದವನ್ನು ಎರಡು ಸಲ ಓದಿ ಕೂತುಬಿಟ್ಟೆ. ಅಳು ಬಂತೆಂದು ಹೇಳಿಕೊಳ್ಳಲು ಈಗೇನೂ ಸಂಕೋಚವಿಲ್ಲ. ಬದುಕಿನಲ್ಲಿ ಮೊದಲ ಸಲ ನಾನು ಕಣ್ಣಾರೆ ನೋಡಿ, ಕೈಯಾರೆ ಅಳೆದು ಬರೆದದ್ದೊಂದು ನಿಜವಾಗಿತ್ತು.

ಆದರೆ ಪ್ರೊಫೆಸರ ಪ್ರಶ್ನೆ ಹಾಗೇ ಉಳಿದಿತ್ತು. ಹಿತ್ತಲ ಕಟ್ಟೆಯ ಮೇಲೆ ಕೂತು ಇಬ್ಬರೂ ತಲೆ ಕೆರೆದುಕೊಂಡೆವು. ಕಾನು ಐವತ್ತು ಕಿಲೋಮೀಟರಿಗೂ ಆಚೆ. ನಡುವೆ ಬಯಲು, ಜೋಳದ ಹೊಲ, ಕೆರೆ, ರಸ್ತೆ. ಕಾನಿನ ಅಳಿಲು ಇಷ್ಟು ದೂರ ನಡೆದು ಬರುವಂಥದಲ್ಲ. ನಾಟದ ಲಾರಿಯಲ್ಲಿ ಬಂತೇ? ಸೌದೆಯ ಗಾಡಿಯಲ್ಲೇ? ಬಂದರೂ ಇದೊಂದೇ ಮರಕ್ಕೆ ಹೇಗೆ?

ಪಾರ್ವತಮ್ಮ ಪಕ್ಕದಲ್ಲೇ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಮೊರ ನಿಂತಿತು.

"ಸೊರಬದ ಕಡೇದು ಅಂದ್ರಾ?"

"ಹೌದಮ್ಮ," ಎಂದಳು ನಳಿನಿ. "ಆ ಕಡೆ ಕಾನಿನದು."

ಅವರು ಮುಂದಿನ ಅಂಗಡಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಮ್ಮ ತವರು ಚಂದ್ರಗುತ್ತಿ ಹತ್ರ. ಹದಿನೆಂಟಕ್ಕ ಈ ಮನಿಗೆ ಬಂದಾಕಿ ನಾ."

ಆರು ವರ್ಷ ಅವರ ಮನೆಯಲ್ಲಿದ್ದೆ, ಅವರ ಕೈಯ ರೊಟ್ಟಿ ತಿಂದಿದ್ದೆ. ಅವರ ತವರು ಯಾವುದೆಂದು ಒಂದು ದಿನವೂ ಕೇಳಿರಲಿಲ್ಲ.

"ನಮ್ಮವ್ವ ನಾ ಸಣ್ಣಾಕಿ ಇದ್ದಾಗನ ತೀರಿ ಹೋಗಿದ್ಲು. ಲಗ್ನದ ಹಿಂದಿನ ವಾರ ಕಾನಿನಾಗ ಒಂದು ಮರಿ ಬಿದ್ದಿತ್ತು. ಕಣ್ಣು ಬಿಟ್ಟಿತ್ತು ಅಷ್ಟ. ಎತ್ಕಂಡು ಹಾಲು ಹಾಕಿ ಉಳಿಸಿದ್ದೆ. ಬಿಟ್ಟು ಬರಾಕ ಮನಸಾಗ್ಲಿಲ್ಲ ನೋಡ್ರಿ. ಕುಬಸದ ಗಂಟಿನಾಗ ಮುಚ್ಚಿಟ್ಕಂಡು ದಿಬ್ಬಣದ ಗಾಡಿ ಹತ್ತಿದೆ. ಶಿರಾಳಕೊಪ್ಪ ದಾಟಾತಂಕ ಯಾರಿಗೂ ಗೊತ್ತಾಗ್ಲಿಲ್ಲ, ಆಮೇಲೆ ಕಿಚ್ ಅಂತು!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. "ನಮ್ಮತ್ತಿ, ಹೊಸ ಸೊಸಿ ಕಾಡು ಕಟ್ಕಂಡು ಬಂದಾಳ ಅಂತ ಬೈದ್ರು. ಮನಿಯೊಳಗ ಇಡಂಗಿಲ್ಲ ಅಂದ್ರು. ಈ ಪ್ಯಾರಲ ಗಿಡಕ್ಕ ಬಿಟ್ಟೆ. ಒಂದೆರಡು ವರ್ಷ ಅಡಿಗಿಮನಿ ಕಿಡಕಿಗೆ ಬರ್ತಿತ್ತು. ಯಾರೂ ಇಲ್ಲದಾಗ ಮಾತಾಡ್ತಿದ್ದೆ ಅದರ ಜೋಡಿ. ಒಂದಿನ ಬರ್ಲಿಲ್ಲ. ಮರುದಿನಾನೂ ಬರ್ಲಿಲ್ಲ. ಅವಾಗ ಪಕ್ಕದ ಮನಿಯಾಗ ಒಂದು ಗಂಡುಬೆಕ್ಕಿತ್ತು, ಹಾಳಾದ್ದು. ಅದ ತಿಂದಿರ್ಬೇಕು. ಯಾರ ಮುಂದ ಅಳಲಿ? ಇಣಚಿ ಸತ್ತಿದ್ದಕ್ಕ ಅಳ್ತಾಳ ಅಂತ ನಗತಿದ್ರು."

"ಎಷ್ಟು ವರ್ಷದ ಹಿಂದೆ ಅಮ್ಮ?" ನಳಿನಿ ಕೇಳಿದಳು.

"ಮೂವತ್ತೇಳಾತು ನಾ ಈ ಮನಿಗೆ ಬಂದು."

ನಳಿನಿ ಎದ್ದು ಹೋಗಿ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಚೀಲದಿಂದ ಆ ಕತ್ತಲ ಕೋಣೆಯಲ್ಲಿ ತೆಗೆದ ಫೋಟೋ ಹೊರತೆಗೆದಳು. ವಂಶವಾಹಿ, ಕತ್ತರಿ ಯಾವುದನ್ನೂ ಹೇಳಲಿಲ್ಲ. "ಅಮ್ಮ, ನಾವು ಹುಡುಕಿದ ಗುರುತು ತಾಯಿಯಿಂದ ಮಾತ್ರ ಬರೋಂಥದು. ಅಪ್ಪಂದಲ್ಲ. ತಾಯಿ ಮಕ್ಕಳಿಗೆಲ್ಲ ಕೊಡ್ತಾಳೆ. ಅದನ್ನ ಮುಂದಕ್ಕೆ ದಾಟಿಸೋದು ಹೆಣ್ಣುಮಕ್ಕಳು ಮಾತ್ರ. ಈ ಮೋಟುಬಾಲದ ಬೆನ್ನು, ಬಾಲ, ಬಣ್ಣ ಎಲ್ಲ ಇಲ್ಲಿನ ಗಂಡುಗಳ ಕಡೆಯಿಂದ ಬಂದು ಶಿಕಾರಿಪುರದ್ದೇ ಆಗಿಹೋಗಿದೆ. ಆದರೆ ಅದರ ಅವ್ವನ ಅವ್ವನ ಅವ್ವ, ಹೀಗೇ ಹಿಂದೆ ಹೋದರೆ, ಇಪ್ಪತ್ತು ಮೂವತ್ತು ತಲೆ ಹಿಂದೆ ಒಬ್ಬಳು ಸೊರಬದ ಕಾನಿನಿಂದ ಬಂದಿದ್ದಳು. ಇಲ್ಲಿ ನೋಡಿ, ಈ ಎರಡು ಗೆರೆ."

ಇದು ನಿಮ್ಮ ಮರಿಯೇ ಎಂದು ನಳಿನಿ ಆಣೆಯಿಟ್ಟು ಹೇಳಲಿಲ್ಲ. ಅವಳು ಅಂಥವಳಲ್ಲ. ಥೀಸಿಸ್ಸಿನಲ್ಲೂ ಒಂದೇ ವಾಕ್ಯ ಬರೆದಳು: ಪಟ್ಟಣದ ಒಂದು ಮರದ ಅಳಿಲುಗಳಲ್ಲಿ ಕಾನಿನ ತಾಯಿವಂಶದ ಗುರುತು ಕಂಡಿದೆ, ಹಿಂದೆ ಮನುಷ್ಯರು ಒಂದು ಹೆಣ್ಣನ್ನು ಕೊಂಡೊಯ್ದಿರಬಹುದು, ಇನ್ನೂ ಪರಿಶೀಲಿಸಬೇಕು. ಅಧ್ಯಾಯ ಉಳಿಯಿತು, ಆರೂ ಲಕೋಟೆ ಉಳಿದವು, ಅವಳಿಗೆ ಪದವಿಯೂ ಬಂತು. ನಾನು ಹನ್ನೊಂದು ವರ್ಷದ ನೋಟ್ಸನ್ನು ಒಲೆಗೆ ಹಾಕಿ, ವರ್ಗೀಕರಣದ ಪಾಠಕ್ಕೆ ಮಕ್ಕಳನ್ನು ಕಿಟಕಿಯಾಚೆ ಕರೆದುಕೊಂಡು ಹೋಗತೊಡಗಿದೆ. ಅದೆಲ್ಲ ಆಮೇಲಿನ ಮಾತು.

ಆ ಬೆಳಿಗ್ಗೆ ಹಿತ್ತಲಲ್ಲಿ ಪಾರ್ವತಮ್ಮ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಕಿಯ ಹಿಟ್ಟು ಹತ್ತಿದ ಬೆರಳಿನಿಂದ ಆ ಎರಡು ಗೆರೆಗಳನ್ನು ಒಂದಾದ ಮೇಲೊಂದು ಮುಟ್ಟಿದರು. ಮೇಲೆ ಪೇರಲ ಮರದಲ್ಲಿ ಎಲೆ ಅಲುಗುತ್ತಿತ್ತು. ಒಬ್ಬ ಹುಡುಗಿ ಕುಬಸದ ಗಂಟಿನಲ್ಲಿ ಮುಚ್ಚಿಟ್ಟು ತಂದದ್ದನ್ನು, ಯಾರೂ ಬರೆದಿಡದೆ, ಯಾರೂ ಹೇಳಿಕೊಡದೆ, ಅವ್ವಂದಿರು ಹೆಣ್ಣುಮಕ್ಕಳಿಗೆ ಮೂವತ್ತೇಳು ವರ್ಷ ಒಂದಕ್ಷರ ಕೆಡದ ಹಾಗೆ ದಾಟಿಸಿಕೊಂಡು ಬಂದಿದ್ದರು. ನಮ್ಮ ತಲೆಯ ಮೇಲೇ.

"ಅಂದ್ರ," ಎಂದರು ಪಾರ್ವತಮ್ಮ ಕೊನೆಗೆ, ಫೋಟೋದಿಂದ ಕಣ್ಣು ತೆಗೆಯದೆ, "ಬೆಕ್ಕು ತಿಂದಿಲ್ಲ ಅದನ್ನ."

"ಮರಿ ಹಾಕಿ ದೊಡ್ಡವು ಮಾಡೋ ತನಕ ಅಂತೂ ಇತ್ತಮ್ಮ," ಎಂದಳು ನಳಿನಿ.

ಪಾರ್ವತಮ್ಮನವರ ಕಣ್ಣಿಂದ ನೀರಿಳಿಯುತ್ತಿತ್ತು, ಮುಖ ಮಾತ್ರ ನಗುತ್ತಿತ್ತು. ಸೆರಗಿನಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಪಾಪದ ಬೆಕ್ಕು ಕಣ್ರೀ ಮೇಡಂ. ಇಷ್ಟು ವರ್ಷ ಸುಮ್ಮಸುಮ್ಮನ ಬೈದೀನಲ್ಲ ಅದನ್ನ."